ಹನ್ನೆರಡನೆಯ ನಡಿಗೆ

ಅಕ್ಟೋಬರ್ 4

ತಮ್ಮ ವಗೀಹ್‌ನನ್ನು ಇವತ್ತು ಮನೆಗೆ ತಂದರು. ಅವನಿಗಿಂತ ಮುಂಚೆ ಅವನ ಪುಸ್ತಕಗಳ ಎರಡು ರಟ್ಟಿನ ಪೆಟ್ಟಿಗೆ ಒಳಗೆ ಬಂದವು. ಬಟ್ಟೆಬರೆ ಎಲ್ಲಿ ಎಂದು ಆಂಬುಲೆನ್ಸಿನವನನ್ನು ಕೇಳಿದರೆ, "ಇಷ್ಟೇ ಹಾಜ್ಜಾ. ಇದನ್ನೊಂದು ಬಿಡ್ಬೇಡಿ ಅಂದ್ರು, ಬಟ್ಟೆ ವಿಷ್ಯ ಎತ್ಲೇ ಇಲ್ಲ" ಎಂದ. ನರೆತ ತಲೆ ಕಂಡರೆ ಎಲ್ಲರಿಗೂ ನಾನು ಹಾಜ್ಜಾ.

ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಸಕ್ಕರೆ ಕಾಯಿಲೆ ತಿಂದುಹಾಕಿತು. ಅವನಿದ್ದ ಕೋಣೆ ನಾಲ್ಕನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕೈರೋದ ಶುಬ್ರಾ ಬಡಾವಣೆಯ ನನ್ನ ಮನೆ ನೆಲದ ಮಟ್ಟದಲ್ಲಿದೆ. ಅವನಿಗೆ ಹೆಂಡತಿ ಮಕ್ಕಳಿಲ್ಲ. ಆಸ್ಪತ್ರೆಯವರು ನನಗೇ ಫೋನ್ ಮಾಡಿದರು. ಬೇಡ ಎನ್ನಲು ಬಾಯಿ ಬರಲಿಲ್ಲ.

ಒಂಬತ್ತು ವರ್ಷದಿಂದ ಇವನ ಜೊತೆ ಮಾತಾಡಿಲ್ಲ. ಅಮ್ಮ ಸತ್ತ ದಿನ ಇವನು ಅಲೆಕ್ಸಾಂಡ್ರಿಯಾದಲ್ಲಿದ್ದ. ಯಾರೋ ಗ್ರೀಕ್ ಮುದುಕಿಯ ಮನೆಯಲ್ಲಿ ಹಳೆಯ ಪ್ರವಾಸ ಕೈಪಿಡಿಗಳು ಸಿಗುತ್ತವೆಂದು ಹೋಗಿದ್ದ. ಸಂಜೆ ಬಂದಾಗ ಮಣ್ಣು ಮುಗಿದಿತ್ತು. ಕಂಕುಳಲ್ಲಿ ಪುಸ್ತಕದ ಪೆಟ್ಟಿಗೆ ಇತ್ತು. ತಾಯಿಯ ಸಾವಿಗೆ ಪೆಟ್ಟಿಗೆ ಹೊತ್ತು ಬಂದವನನ್ನು ನಾನು ಬೇರೆ ಕಂಡಿಲ್ಲ.

ಮಂಚದ ಮೇಲೆ ಮಲಗಿಸಿದ ಮೇಲೆ ಹೇಳಿದೆ: "ಕೋಣೆ ಕೊಡ್ತೀನಿ, ಊಟ ಕೊಡ್ತೀನಿ. ಮಾತು ಮಾತ್ರ ಕೇಳ್ಬೇಡ."

"ಸರಿ, ಅಬ್ಲಾ" ಎಂದ. ಚಿಕ್ಕಂದಿನಿಂದ ಅಕ್ಕ ಎಂಬ ಅರ್ಥದಲ್ಲಿ ಹಾಗೆ ಕರೆದವನು. ಶಾಲೆಯ ಹುಡುಗಿಯರೂ ಮೂವತ್ತೊಂದು ವರ್ಷ ನನ್ನನ್ನು ಹಾಗೇ ಕರೆದರು. ಅವರ ಬಾಯಲ್ಲಿ ಅದು ಟೀಚರ್. ಇವನ ಬಾಯಿಂದ ಕೇಳಿ ಎಷ್ಟು ಕಾಲವಾಯಿತೋ.

ಹೇಳಿಕೊಳ್ಳಲು ಯಾರೂ ಇಲ್ಲ. ನಮ್ಮ ಯಜಮಾನರು ತೀರಿಹೋಗಿ ಹದಿನಾಲ್ಕು ವರ್ಷ. ಅದಕ್ಕೇ ಈ ನೋಟುಬುಕ್ಕು.

ಅಕ್ಟೋಬರ್ 9

ಗಾಯ ಒಣಗುತ್ತಿಲ್ಲ. ಎರಡು ಹೊತ್ತು ಪಟ್ಟಿ ಬದಲಿಸುತ್ತೇನೆ. ಆಗೆಲ್ಲ ಅವನು ಒಂದು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಗಟ್ಟಿಯಾಗಿ ಓದುತ್ತಾನೆ. ನೂರು ವರ್ಷ ಹಳೆಯ ಕೈಪಿಡಿಗಳು. ಫ್ರೆಂಚರು, ಇಂಗ್ಲಿಷರು, ಜರ್ಮನರು ನಮ್ಮೂರಿಗೆ ಬರುವಾಗ ಜೇಬಿನಲ್ಲಿಟ್ಟುಕೊಂಡು ಬಂದವು. ಕೈರೋದಲ್ಲಿ ಹೊಟ್ಟೆಗೆ ಉಣ್ಣೆಯ ಪಟ್ಟಿ ಸುತ್ತಿಕೊಳ್ಳಬೇಕಂತೆ. ಕತ್ತೆಯವನ ಜೊತೆ ಚೌಕಾಸಿ ಮಾಡುವಾಗ ನಗಬಾರದಂತೆ. ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಾಡಿಗೆಗೆ ಸಿಗುತ್ತದಂತೆ.

"ಕೇಳ್ದ್ಯಾ, ಅಬ್ಲಾ?" ಎಂದು ಒಬ್ಬನೇ ನಗುತ್ತಾನೆ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಟೋಬರ್ 15

ಇವತ್ತು ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದ. ಅವನ ಬಳಿ ಕೆಂಪು ರಟ್ಟಿನದೊಂದು ಫ್ರೆಂಚ್ ಕೈಪಿಡಿ ಇದೆ, 1908ರದು, ಅಂಗೈಯಷ್ಟು. ಹಳೆಯ ಕೈರೋವನ್ನು ಕಾಲ್ನಡಿಗೆಯಲ್ಲಿ ನೋಡಲು ಹನ್ನೆರಡು ದಾರಿಗಳನ್ನು ಅದರಲ್ಲಿ ಬರೆದಿದ್ದಾರೆ. ಎಷ್ಟೋ ವರ್ಷದಿಂದ ಇವನು ಆ ದಾರಿಗಳಲ್ಲಿ ನಡೆದು, ಆಗ ಇದ್ದದ್ದರಲ್ಲಿ ಈಗ ಏನುಳಿದಿದೆ ಎಂದು ಬರೆಯುತ್ತಿದ್ದಾನೆ. ನಮ್ಮ ಜನಕ್ಕೆ, ನಮ್ಮ ಭಾಷೆಯಲ್ಲಿ, ನಮ್ಮೂರಿನದೊಂದು ಕೈಪಿಡಿ ಮಾಡಬೇಕೆಂದು. ಒಂಬತ್ತು ದಾರಿ ಮುಗಿದಿವೆ. ಮೂರು ಉಳಿದಿರುವಾಗ ಕಾಲು ಹೋಯಿತು.

"ನೀನು ನಡೆದು ಬಂದು ಹೇಳು. ನಾನು ಬರ್ಕೊಳ್ತೀನಿ."

"ನನ್ನೂರಲ್ಲಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅಂತ ಸತ್ತ ಫ್ರೆಂಚ್ ಮುದುಕನ ಹತ್ರ ಕೇಳ್ಕೋಬೇಕಾ?"

"ಮೂವತ್ತೊಂದು ವರ್ಷ ಭೂಗೋಳ ಹೇಳ್ಕೊಟ್ಟೆ. ಈ ಊರಲ್ಲಿ ಎಷ್ಟು ಬೀದಿ ನಡೆದಿದ್ದೀಯ, ಹೇಳು ನೋಡೋಣ."

ಬಸ್ಸು, ಶಾಲೆ, ಬಸ್ಸು, ಮನೆ. ತರಕಾರಿ ಸಂತೆ. ಅವನಿಗೇಕೆ ಲೆಕ್ಕ ಒಪ್ಪಿಸಲಿ? ಒಳಗೆ ಹೋಗಿ ಬೆಳ್ಳುಳ್ಳಿ ಸುಲಿದೆ.

ಅಕ್ಟೋಬರ್ 18

ಹೋದೆ. ಮನೆಯಲ್ಲಿ ಕೂತರೆ ಅವನ ನರಳಾಟ ಕೇಳಬೇಕಲ್ಲ, ಅದಕ್ಕೆ. ಹತ್ತನೆಯ ದಾರಿ: ಹಳೆಯ ಕೋಟೆಗೋಡೆಯ ಝುವೈಲಾ ಬಾಗಿಲಿನಿಂದ ತೆಂಕಣಕ್ಕೆ, ಡೇರೆ ಬಟ್ಟೆಯವರ ಸಾಲಿನ ಒಳಗಿಂದ. ಪುಸ್ತಕದಲ್ಲಿ ಹದಿನೇಳು ಜಾಗಗಳಿದ್ದವು. ಚೀಟಿಯಲ್ಲಿ ಗುರುತು ಹಾಕಿಕೊಂಡು ಬಂದು ಒಪ್ಪಿಸಿದೆ. ಇದೆ, ಇದೆ, ಇಲ್ಲ, ಇಲ್ಲ, ಇದೆ, ಇಲ್ಲ.

"ಇಲ್ಲ ಅಂದ್ರೆ? ಆ ಜಾಗದಲ್ಲಿ ಏನಿದೆ?"

"ಅದನ್ನ್ಯಾರು ನೋಡಿದ್ರು?"

"ನಿನ್ನ ಹುಡ್ಗೀರು ಪರೀಕ್ಷೇಲಿ ಹೀಗೆ ಬರೆದಿದ್ರೆ ಎಷ್ಟು ಅಂಕ ಕೊಡ್ತಿದ್ದೆ?"

ಇಂಥ ಮಾತಿಗೆಲ್ಲ ಉತ್ತರ ಕೊಡುವುದಿಲ್ಲ ಎಂದಿದ್ದೇನೆ. ಎರಡು ಕೊಡುತ್ತಿದ್ದೆ, ಹತ್ತಕ್ಕೆ.

ಅಕ್ಟೋಬರ್ 19

ಕಾಲು ನೋವು. ಇನ್ನು ಹೋಗುವುದಿಲ್ಲ.

ಅಕ್ಟೋಬರ್ 27

ಹತ್ತನೆಯ ದಾರಿಗೆ ಮತ್ತೆ ಹೋದೆ. ಅರ್ಧಂಬರ್ಧ ಕೆಲಸ ನನಗಾಗದು. ಪುಸ್ತಕದಲ್ಲಿ 'ಸುಂದರ ಅರವಟ್ಟಿಗೆ, ಕಂಚಿನ ಜಾಲರಿಯ ಕಿಟಕಿ' ಎಂದಿರುವ ಕಡೆ ಮೊಬೈಲ್ ರಿಪೇರಿ ಅಂಗಡಿ ಇದೆ. ಆದರೆ ಅಂಗಡಿಯ ಒಳಗೆ ಹೋಗಿ ನೋಡಿದರೆ ಹಿಂದಿನ ಗೋಡೆಯಲ್ಲಿ ಆ ಜಾಲರಿ ಹಾಗೇ ಇದೆ, ಚಾರ್ಜರುಗಳನ್ನು ನೇತುಹಾಕಿದ್ದಾರೆ.

ಡೇರೆ ಬಟ್ಟೆಯ ಮೇಲೆ ಹೂಬಳ್ಳಿ ಹೊಲಿಯುವ ಬಯ್ಯೂಮಿ ಎಂಬವರು ನನ್ನ ಕೈಯಲ್ಲಿದ್ದ ಕೆಂಪು ಪುಸ್ತಕ ನೋಡಿ ಸೂಜಿ ಕೆಳಗಿಟ್ಟರು.

"ಇದು ನಡೆಯೋ ಮೇಷ್ಟ್ರ ಪುಸ್ತಕ ಅಲ್ವಾ? ಅವ್ರೆಲ್ಲಿ? ಮುಂದೆ ನಮ್ಮ ಬೀದಿನೇ ಬರೆಯೋದು ಅಂದೋರು, ಮೂರು ತಿಂಗಳಾಯ್ತು ಕಂಡು. ನಾನಿಲ್ಲಿ ದಿನಾ ಅವ್ರಿಗೆ ಬಯ್ಕೊಂಡು ಕೂತಿದ್ದೀನಿ."

ಕಾಲಿನ ವಿಷಯ ಹೇಳಿದೆ. ಅವರು ನನಗೊಂದು ಸ್ಟೂಲು ಎಳೆದು ಹಾಕಿದರು. "ನೀವು ಅವ್ರಿಗೆ ಏನಾಗ್ಬೇಕು?" ಎಂದರು.

"ಪರಿಚಯದೋರು" ಎಂದೆ.

ಚಹಾ ಕುಡಿಸಿದರು. ಅವರ ಅಜ್ಜ ಇದೇ ಅಂಗಡಿಯಲ್ಲಿ ಹಜ್ ಯಾತ್ರೆಯ ಡೇರೆಗಳನ್ನು ಹೊಲಿದದ್ದು, 1992ರ ಭೂಕಂಪದಲ್ಲಿ ಮೇಲಿನ ಅಟ್ಟ ಬಿದ್ದದ್ದು, ಪಕ್ಕದವನ ಹುಂಜ ದಿನಾ ಬಂದು ಬಟ್ಟೆಯ ಮೇಲೆ ಹೊಲಿದ ದಾಳಿಂಬೆಯನ್ನು ಕುಕ್ಕುವುದು, ಎಲ್ಲ ಹೇಳಿದರು.

ರಾತ್ರಿ ಮನೆಯಲ್ಲಿ ಊಟ ಮುಗಿಯುವ ಹೊತ್ತಿಗೆ ಗಂಟಲು ಒಣಗಿತ್ತು. ಧೂಳಿರಬೇಕು. ವಗೀಹ್ ನಾಲ್ಕು ಹಾಳೆ ಬರೆದುಕೊಂಡ. ಹುಂಜವನ್ನೂ ಬಿಡಲಿಲ್ಲ.

ನವೆಂಬರ್ 6

ಹನ್ನೊಂದನೆಯ ದಾರಿ ಮುಗಿಯಿತು. ಇಬ್ನ್ ತುಲೂನ್ ಮಸೀದಿಯ ಮಿನಾರಿನ ಮೇಲಿಂದ ಪಿರಮಿಡ್ಡುಗಳು ಕಾಣುತ್ತವೆ ಎಂದು ಫ್ರೆಂಚ್ ಪುಸ್ತಕ ಹೇಳುತ್ತದೆ. ಹತ್ತಿ ನೋಡಿದೆ, ಹೊಗೆ ಬಿಟ್ಟು ಏನೂ ಕಾಣಲಿಲ್ಲ. "ನಿನ್ನ ಕಣ್ಣಿನ ದೋಷ" ಎಂದ. "ನಿನ್ನ ಪುಸ್ತಕದ ದೋಷ" ಎಂದೆ. ಜರ್ಮನ್ ಪುಸ್ತಕ ತೆಗೆದು ನೋಡಿದೆವು. ಅದರ ಪ್ರಕಾರ ಚಳಿಗಾಲದಲ್ಲಿ, ಗಾಳಿ ಬೀಸಿದ ಮರುದಿನ ಮಾತ್ರ. ಅರ್ಧ ಗಂಟೆ ಜಗಳವಾಡಿದೆವು. ಮುಲೂಖಿಯ್ಯಾ ಸೊಪ್ಪಿನ ಸಾರು ತಳ ಹತ್ತಿತು.

ಮಧ್ಯಾಹ್ನ ಡಾಕ್ಟರು ಬಂದಿದ್ದರು. ಬಲಗಾಲಿನ ಬೆರಳುಗಳನ್ನು ನೋಡಿ, ನನ್ನನ್ನು ಹೊರಗೆ ಮೆಟ್ಟಿಲ ಬಳಿ ಕರೆದರು. ಮೂತ್ರಪಿಂಡವೂ ಕೈಕೊಟ್ಟಿದೆಯಂತೆ. ಇನ್ನೊಂದು ಕಾಲು ತೆಗೆದರೆ ತಡೆದುಕೊಳ್ಳುವ ಶಕ್ತಿ ಇಲ್ಲವಂತೆ. "ಮನೇಲೇ ಇರ್ಲಿ ಹಾಜ್ಜಾ. ಏನು ಬೇಕೋ ತಿನ್ಲಿ" ಎಂದರು.

ಸಂತೆಗೆ ಹೋದೆ. ಈ ವರ್ಷದ ಸೀಬೆಹಣ್ಣು ಚೆನ್ನಾಗಿದೆ. ಎರಡು ಕಿಲೋ ತಂದೆ. ಯಾಕೆ ಅಷ್ಟು ತಂದೆನೋ, ಇಬ್ಬರಿಗೆ.

ನವೆಂಬರ್ 14

ಹನ್ನೆರಡನೆಯದು ಯಾವಾಗ ಎಂದು ನಾನೇ ಕೇಳಿದೆ. ಅವನು ಪುಟ ತೆರೆದು ಕೊಟ್ಟ. ಅದು ಇಮಾಮ್ ಶಾಫಿಈ ಗುಮ್ಮಟದ ಸುತ್ತಲಿನ ಕಬರಸ್ತಾನದ ದಾರಿ. 'ಅವಸರದ ಪ್ರವಾಸಿಗರು ಇದನ್ನು ಬಿಡಬಹುದು' ಎಂದು ಮೊದಲ ಸಾಲಿನಲ್ಲೇ ಇದೆ. ಅಮ್ಮ ಇರುವುದು ಆ ದಾರಿಯಲ್ಲೇ, ಅಜ್ಜನ ಮನೆತನದ, ಸುತ್ತ ಗೋಡೆ ಬಾಗಿಲು ಇರುವ ಗೋರಿಯಂಗಳದಲ್ಲಿ.

"ನೀನೇ ಇದನ್ನ ಯಾಕೆ ಮೊದ್ಲೇ ಮುಗಿಸ್ಲಿಲ್ಲ? ಕಾಲು ಚೆನ್ನಾಗಿದ್ದಾಗ?"

"ಗಲ್ಲಿ ತುದಿವರೆಗೂ ಏಳೆಂಟು ಸಲ ಹೋಗಿದ್ದೀನಿ. ಬಾಗ್ಲವರೆಗೂ ಹೋಗ್ಲಿಲ್ಲ."

"ಯಾಕೆ?"

"ನೀನೇ ಅಂದಿದ್ದೆ. ಅಮ್ಮನ ಹತ್ರ ಕಾಲಿಡ್ಬೇಡ ಅಂತ."

ನನಗೆ ನೆನಪಿಲ್ಲ. ಅಂದಿದ್ದರೂ ಅಂದಿರಬಹುದು, ಆವತ್ತು ಏನೇನು ಅಂದೆನೋ. ಕೋಪದಲ್ಲಿ ಹೆಂಗಸೊಬ್ಬಳು ಆಡಿದ ಮಾತನ್ನು ಒಂಬತ್ತು ವರ್ಷ ಪಾಲಿಸುವ ಗಂಡಸು ಇರುತ್ತಾನೆಯೇ?

ನವೆಂಬರ್ 17

ಸಿಹಿ ರೊಟ್ಟಿ ಕಟ್ಟಿಸಿಕೊಂಡು ಹೋದೆ, ಅಮ್ಮನ ಹೆಸರಿನಲ್ಲಿ ಹಂಚಲು. ಗುಮ್ಮಟದಿಂದ ನಮ್ಮ ಗಲ್ಲಿಯವರೆಗೆ ಬರೆದುಕೊಳ್ಳುತ್ತಲೇ ನಡೆದೆ. ನಮ್ಮ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಂಖ್ಯೆ ಇತ್ತು. ಪಕ್ಕದ ಗೋಡೆಯ ಮೇಲೂ. ಅದರ ಪಕ್ಕದ್ದರ ಮೇಲೂ.

ಗೋರಿ ಕಾಯುವ ಹನಫಿ ಬಂದು ಕೈ ಹಿಡಿದುಕೊಂಡ. "ರಸ್ತೆ ಬರುತ್ತೆ ಹಾಜ್ಜಾ. ಈ ಎರಡು ಸಾಲು ಹೋಗುತ್ತೆ. ತಿಂಗ್ಳೊಳಗೆ ನಿಮ್ಮೋರನ್ನ ಎತ್ಕೊಂಡು ಹೋಗ್ಬೇಕು. ಮರುಭೂಮಿ ಕಡೆ ಹೊಸ ಜಾಗ ಕೊಟ್ಟಿದ್ದಾರೆ. ನಮ್ಮಪ್ಪ ಹೂತೋರನ್ನ ನಾನು ತೆಗೀತಿದ್ದೀನಿ ನೋಡಿ. ಇಂಥ ಕೆಲ್ಸ ನಮ್ಮ ವಂಶದಲ್ಲಿ ಯಾರೂ ಮಾಡ್ಲಿಲ್ಲ."

ಮನೆಗೆ ಬಂದಾಗ ವಗೀಹ್ ದಿಂಬಿಗೆ ಒರಗಿ ಪೆನ್ನು ಹಿಡಿದು ಕಾಯುತ್ತಿದ್ದ.

"ಇದೆಯಾ?"

"ಇದೆ."

"ಬಾಗ್ಲಿಗೆ ಯಾವ ಬಣ್ಣ?"

"ಹಸಿರು."

"ಕಳ್ಳಿ ಗಿಡ?"

"ನನ್ನೆತ್ತರ ಆಗಿದೆ."

ಎಲ್ಲವನ್ನೂ ಬರೆದುಕೊಂಡ. ನಾನು ಒಂದು ಸುಳ್ಳನ್ನೂ ಹೇಳಲಿಲ್ಲ.

ನವೆಂಬರ್ 20

ಇದನ್ನು ಬರೆಯಲೇಬೇಕು.

ಅಮ್ಮ ಹೋದದ್ದು ಬೆಳಗ್ಗೆ ಏಳಕ್ಕೆ. ವಗೀಹ್‌ಗೆ ಫೋನ್ ಸಿಕ್ಕಿದ್ದು ಹತ್ತಕ್ಕೆ. ಮುಂದಿನ ರೈಲು ಹಿಡಿಯುತ್ತೇನೆ, ಮೂರೂವರೆಗೆಲ್ಲ ಬಂದುಬಿಡುತ್ತೇನೆ, ಎಂದ. ಮಸೀದಿಯ ಇಮಾಮರು, "ಒಬ್ನೇ ಮಗ ಅಲ್ವಾ ಅಮ್ಮಾ, ಮಧ್ಯಾಹ್ನದ ನಮಾಜ್ ಬಿಟ್ಟು ಸಾಯಂಕಾಲದ ನಮಾಜಾದ ಮೇಲೆ ಮಣ್ಣು ಇಟ್ಕೊಳ್ಳೋಣ" ಎಂದರು. ನಾನು ಬೇಡ ಎಂದೆ. ಅವನು ಬರುವುದಿಲ್ಲ, ಕಾಯಬೇಡಿ, ಎಂದೆ. ಬರುತ್ತಿದ್ದಾನೆಂದು ಗೊತ್ತಿತ್ತು.

ಅಮ್ಮ ಹಾಸಿಗೆ ಬಿಟ್ಟೇಳದ ಆ ಕೊನೆಯ ಮೂರು ತಿಂಗಳೂ ಅವನ ಹೆಸರನ್ನೇ ಹಿಡಿದಿದ್ದಳು. ಮಲ ಬಳಿದವಳು ನಾನು.

ನವೆಂಬರ್ 23

ಅವನು ಪುಟವನ್ನು ಶಾಯಿಯಲ್ಲಿ ತಿದ್ದುತ್ತಿದ್ದ. 'ಹಸಿರು ಬಾಗಿಲು, ಆಳೆತ್ತರದ ಕಳ್ಳಿ' ಎಂದು ಗಟ್ಟಿಯಾಗಿ ಓದಿದ. ನನಗೆ ತಡೆಯಲಾಗಲಿಲ್ಲ.

"ಅದು ತಪ್ಪು. ಮುಂದಿನ ತಿಂಗ್ಳು ಅಲ್ಲೇನೂ ಇರಲ್ಲ."

ಎಲ್ಲ ಹೇಳಿದೆ. ಅವನು ಪೆನ್ನಿನ ಮುಚ್ಚಳ ಹಾಕಿದ. "ಯಾವತ್ತು ತೆಗೀತಾರೆ?"

"ಡಿಸೆಂಬರ್ ಒಂದಕ್ಕೆ ಅಂದಿದ್ದೀನಿ ಹನಫಿಗೆ."

"ನಾನೂ ಬರ್ತೀನಿ."

"ಡಾಕ್ಟರು ಮಂಚದಿಂದ ಇಳೀಬಾರ್ದು ಅಂದಿದ್ದಾರೆ."

"ಅಬ್ಲಾ, ಹೋದ ಸಲ ನಾನು ಬರೋಷ್ಟ್ರಲ್ಲಿ ಮುಗಿದುಹೋಗಿತ್ತು. ಈ ಸಲ ಕಾಯ್ತೀಯಾ?"

ಆಗ ಅದನ್ನೂ ಹೇಳಿಬಿಟ್ಟೆ. ಇಮಾಮರು ಕೇಳಿದ್ದು, ನಾನು ಬೇಡ ಎಂದದ್ದು. ನಿಂತುಕೊಂಡೇ ಹೇಳಿದೆ, ಕೂರಲು ಧೈರ್ಯ ಬರಲಿಲ್ಲ. ಅವನು ಗೋಡೆಯ ಕಡೆ ಹೊರಳಿ ಮಲಗಿದ.

ನವೆಂಬರ್ 25

ಮಾತಿಲ್ಲ. ಊಟದ ತಟ್ಟೆ ಹಾಗೇ ವಾಪಸು.

ನವೆಂಬರ್ 26

ಬೆಳಗ್ಗೆ ಪಟ್ಟಿ ಬದಲಿಸುವಾಗ ಗೋಡೆಗೇ ಹೇಳಿದ: "ನಮ್ಮ ಗಲ್ಲೀಲಿ ಗಾಲಿಕುರ್ಚಿ ಹಿಡಿಸುತ್ತಾ, ಅಳೆದುಕೊಂಡು ಬಾ."

ಬಟ್ಟೆ ಹೊಲಿಯುವ ಟೇಪು ತೆಗೆದುಕೊಂಡು ಹೋದೆ. ಅತಿ ಇಕ್ಕಟ್ಟಿನ ಕಡೆ ಎಂಬತ್ತೊಂದು ಸೆಂಟಿಮೀಟರು. ಕುರ್ಚಿ ಅರವತ್ತಾರು. ಮೂರು ಮೆಟ್ಟಿಲುಗಳಿವೆ; ಹಲಗೆ ಹಾಕಿ ಹತ್ತಿಸಬಹುದು. ಬರುವಾಗ ಬಯ್ಯೂಮಿಯವರ ಅಂಗಡಿಗೆ ಹೋಗಿ, ಕುರ್ಚಿ ಎತ್ತಲು ಜನ ಬೇಕು ಎಂದೆ. "ನಾನಿದ್ದೀನಲ್ಲ" ಎಂದರು. ಅವರಿಗೆ ಎಪ್ಪತ್ತರ ಹತ್ತಿರ. ಇನ್ನೂ ಇಬ್ಬರನ್ನು ಕರೆತರುತ್ತಾರಂತೆ.

ವಗೀಹ್ ಅಳತೆಗಳನ್ನು ಬರೆದುಕೊಂಡ. ಸಂಜೆ ಸೀಬೆಹಣ್ಣು ಕೇಳಿದ.

ಡಿಸೆಂಬರ್ 1

ಬೆಳಗ್ಗೆ ಎಂಟಕ್ಕೆ ಹನಫಿ ಚಪ್ಪಡಿ ಸರಿಸಿದ. ಅಜ್ಜ, ಅಜ್ಜಿ, ಅಮ್ಮ. ಮೂವರಿಗೆ ಮೂರು ಬಿಳಿ ಬಟ್ಟೆ. ಅಂಗಳದಲ್ಲಿ ವಗೀಹ್ ಕುರ್ಚಿಯ ಮೇಲೆ ಕೂತಿದ್ದ. ಹೊಸ ಅಂಗಿ, ನಾನೇ ಇಸ್ತ್ರಿ ಮಾಡಿದ್ದು. ಜ್ವರವಿತ್ತು. ಆ ಹಸಿರು ಬಾಗಿಲನ್ನು ಅಂಗೈಯಿಂದ ಮುಟ್ಟಿ ನೋಡಿದ.

ಹನಫಿ ಕೆಳಗಿನಿಂದ ಮೊದಲ ಗಂಟನ್ನು ಎತ್ತಿ ಕೊಡುತ್ತ, "ಇದು ನಿಮ್ಮ ತಾಯಿ" ಎಂದ. ನಾನು ಕೈ ಚಾಚಿದ್ದೆ. ಆಮೇಲೆ ಪಕ್ಕಕ್ಕೆ ಸರಿದು, "ಅವನಿಗೆ ಕೊಡು" ಎಂದೆ.

ಅವನ ಮಡಿಲಲ್ಲಿ ಇಟ್ಟರು. ಅರ್ಧ ಕಾಲಿನ ಮೇಲೆ ಗಂಟು ಜಾರುತ್ತಿತ್ತು. ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡ. ವ್ಯಾನಿನಲ್ಲಿ ಒಂದೂ ಕಾಲು ಗಂಟೆಯ ಹಾದಿ. ಬಯ್ಯೂಮಿಯವರು ಕುರಾನಿನ ಸಾಲುಗಳನ್ನು ಮೆಲ್ಲಗೆ ಹೇಳುತ್ತಿದ್ದರು. ಗುಂಡಿ ಬಂದಾಗಲೆಲ್ಲ ವಗೀಹ್ ಬಟ್ಟೆಯ ಮೇಲೆ ಅಂಗೈ ಒತ್ತಿ, "ಏನಿಲ್ಲ ಅಮ್ಮ, ಏನಿಲ್ಲ" ಎನ್ನುತ್ತಿದ್ದ. ಒಮ್ಮೆ ನನ್ನ ಕಡೆ ತಿರುಗಿ, "ಎಷ್ಟು ಹಗುರ ಇದ್ದಾಳೆ, ಅಬ್ಲಾ" ಎಂದ. "ಕೊನೇಲಿ ಹಾಗೇ ಇದ್ಲು" ಎಂದೆ. ಅಮ್ಮನ ಕೊನೆಯ ತಿಂಗಳುಗಳನ್ನು ಅವನಿಗೆ ಆಗ ಹೇಳಿದೆ, ಮೊದಲಿನಿಂದ. ಅವಳು ಅವನ ಹೆಸರು ಹಿಡಿದು ಕರೆಯುತ್ತಿದ್ದದ್ದನ್ನೂ.

ಹೊಸ ಜಾಗದಲ್ಲಿ ಮರವಿಲ್ಲ. ಸಾಲು, ಸಾಲಿಗೊಂದು ಸಂಖ್ಯೆ. ಒಳಗೆ ಇಳಿಸುವವರು ಯಾರು ಎಂದು ಹನಫಿ ಕೇಳಿದ. "ನಾನು" ಎಂದ ವಗೀಹ್. ಕುರ್ಚಿಯಿಂದ ಎತ್ತಿ ನೆಲದ ಮೇಲೆ, ಗೋರಿಯ ಬಾಯಿಯ ಅಂಚಿನಲ್ಲಿ ಕೂರಿಸಿದರು. ಬಯ್ಯೂಮಿಯವರು ಹಿಂದಿನಿಂದ ಸೊಂಟ ಹಿಡಿದುಕೊಂಡರು. ಅವನು ಬಗ್ಗಿ, ಕೆಳಗಿದ್ದ ಹನಫಿಯ ಕೈಗೆ ಅಮ್ಮನನ್ನು ಕೊಟ್ಟ. ಕೊಟ್ಟ ಮೇಲೂ ಎಷ್ಟೋ ಹೊತ್ತು ಅವನ ಕೈ ಹಾಗೇ ಚಾಚಿಕೊಂಡಿತ್ತು. ನಾನು ಹಿಡಿದುಕೊಂಡೆ.

ಡಿಸೆಂಬರ್ 8

ಜ್ವರ ಇಳಿಯುತ್ತಿಲ್ಲ. ಹನ್ನೆರಡನೆಯ ದಾರಿಯನ್ನು ಅವನು ಹೇಳಿದ, ನಾನು ಬರೆದೆ. ಎರಡು ಸಾಲು ಹೇಳುತ್ತಾನೆ, ನಿದ್ದೆ ಹೋಗುತ್ತಾನೆ. ಹಸಿರು ಬಾಗಿಲಿನ ಸಾಲನ್ನು ತೆಗೆದುಹಾಕಲೇ ಎಂದು ಕೇಳಿದೆ.

"ಇರ್ಲಿ. ಎಂಬತ್ತೊಂದು ಸೆಂಟಿಮೀಟರ್ ಅಂತಾನೂ ಬರಿ. ಕುರ್ಚಿಯಲ್ಲಿ ಬರೋರಿಗೆ ಗೊತ್ತಾಗ್ಬೇಕಲ್ಲ."

"ಬರೋಕೆ ಅಲ್ಲಿ ಗಲ್ಲಿ ಎಲ್ಲಿರುತ್ತೋ?"

"ಈ ಫ್ರೆಂಚ್ ಮುದುಕ ಬರೆದ ಅರ್ಧ ಊರು ಎಲ್ಲಿದೆ? ಬರ್ದಿದ್ದಕ್ಕೆ ತಾನೇ ನಾನು ಹುಡುಕ್ಕೊಂಡು ಹೋದದ್ದು."

ಬರೆದೆ.

ಡಿಸೆಂಬರ್ 13

ವಗೀಹ್ ಬೆಳಗ್ಗೆ ಹೋದ. ಸೀಬೆಹಣ್ಣು ಹೆಚ್ಚುತ್ತಿದ್ದೆ, ಕರೆದಂತಾಯಿತು. ಹೋಗುವಷ್ಟರಲ್ಲಿ ಇರಲಿಲ್ಲ.

ಡಿಸೆಂಬರ್ 14

ಅಮ್ಮನ ಪಕ್ಕದಲ್ಲೇ ಜಾಗ. ಮರುಭೂಮಿಯಲ್ಲಿ ಗಾಳಿ.

ಜನವರಿ 10

ಬಾಡಿಗೆಗೆ ತಂದಿದ್ದ ಮಂಚ ವಾಪಸು ಕೊಟ್ಟೆ. ಆ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದೇನೆ. ಅವನ ಕಾಗದಗಳನ್ನೆಲ್ಲ ಮೊದಲನೆಯ ದಾರಿಯಿಂದ ಶುದ್ಧವಾಗಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದಂತಿದೆ. ಅನುಮಾನ ಬಂದಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ. ಬಯ್ಯೂಮಿಯವರು ಹೊಸ ಬೂಟು ಕೊಂಡುಕೊಳ್ಳಿ ಎಂದು ಬೈದರು. ಕೊಂಡುಕೊಂಡೆ.

ಫೆಬ್ರವರಿ 21

ಇವತ್ತು ಏಳನೆಯ ದಾರಿಗೆ ಬಂದೆ. ಅದು ಹಿಲ್ಮಿಯ್ಯಾದ ಮೂಲಕ ಹೋಗುತ್ತದೆ, ನನ್ನ ಶಾಲೆಯ ಮುಂದೆಯೇ. ಹಾಳೆಯ ಅಂಚಿನಲ್ಲಿ ವಗೀಹ್ ಸಣ್ಣಗೆ ಬರೆದಿದ್ದಾನೆ:

'ಹೆಣ್ಣುಮಕ್ಕಳ ಶಾಲೆ. 1908ರಲ್ಲಿ ಇಲ್ಲಿ ಪಾಶಾ ಒಬ್ಬರ ತೋಟವಿತ್ತು. ಎರಡು ಗಂಟೆಗೆ ಭೂಗೋಳದ ಟೀಚರ್ ಹೊರಬರುತ್ತಾರೆ. ಬೂದು ಬಣ್ಣದ ಕೋಟು, ನೇರ ನಡಿಗೆ, ಬಸ್ ನಿಲ್ದಾಣದವರೆಗೆ ಇನ್ನೂರ ಹತ್ತು ಹೆಜ್ಜೆ. ನೋಡಬಯಸುವವರು ಎದುರಿನ ಇಸ್ತ್ರಿ ಅಂಗಡಿಯ ನೆರಳಿನಲ್ಲಿ ನಿಲ್ಲುವುದು ಒಳ್ಳೆಯದು.'

ಕೆಳಗೆ ತಾರೀಖುಗಳಿವೆ. ಒಂದು ಪುಟ ತುಂಬ. ಆರು ವರ್ಷದವು. ಕೊನೆಯದು ನಾನು ನಿವೃತ್ತಿಯಾದ ವಾರದ್ದು.

ಬಸ್ಸು ಹಿಡಿದು ಹೋದೆ. ಶಾಲೆಯ ಬಾಗಿಲು ಮುಚ್ಚಿತ್ತು, ಒಳಗೆ ಪಾಠ ನಡೆಯುತ್ತಿತ್ತು. ಎದುರಿಗೆ ಇಸ್ತ್ರಿ ಅಂಗಡಿ ಇದೆ. ಮೂವತ್ತೊಂದು ವರ್ಷ ಅದರ ಮುಂದೆ ನಡೆದವಳು, ಒಮ್ಮೆಯೂ ಆ ಕಡೆ ನೋಡಿರಲಿಲ್ಲ. ಅಂಗಡಿಯವನಿಗೆ ವಗೀಹ್‌ನ ಗುರುತು ಹೇಳಿದೆ: ತೆಳ್ಳಗೆ, ಕನ್ನಡಕ, ಕೈಯಲ್ಲಿ ಯಾವಾಗಲೂ ಪುಸ್ತಕ.

"ಓ, ಅವ್ರಾ! ತಿಂಗ್ಳಿಗೆರಡು ಸಲ ಬರೋರು. ಇಲ್ಲೇ ಈ ಕಂಬದ ಹಿಂದೆ ನಿಲ್ಲೋರು. ಯಾರನ್ನ ನೋಡ್ತೀರಿ ಅಂದ್ರೆ, ನಮ್ಮಕ್ಕ ಅನ್ನೋರು. ಹತ್ತು ಹೆಜ್ಜೆ ದೂರದಲ್ಲಿ ಹೋಗ್ತಿದ್ದಾರಲ್ಲ ಮಾರಾಯ್ರೇ, ಕರೀಬಾರ್ದಾ ಅಂತ ನಾನೇ ಒಂದ್ಸಲ ಬೈದಿದ್ದೆ."

"ಏನಂದ?"

"ಕರೆದ್ರೆ ನಾಳೆಯಿಂದ ಬೇರೆ ದಾರಿ ಹಿಡೀತಾಳೆ ಅಂದ್ರು."

ನಿಜ. ಹಿಡಿಯುತ್ತಿದ್ದೆ.